ಬಿಚ್ಚಲಾಗದ ಸಂಚಿ

“ಅಜ್ಜಾರ, ಒಳಗ ಯಾರೂ ಇಣುಕಬಾರದು, ಆದರ ಆಟಾನೂ ಆಡಾಕ ಬರಬೇಕು. ಅಂಥಾ ಲಿನಕ್ಸ್ ಯಾವುದ್ರಿ?”

ಹೀಗೆ ಕೇಳಿದವನು ಶಿಷ್ಯ ನಿರುಪಾದಿ. ಗುರುಗಳ ಮಠದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯುತ್ತದೆ. ಅದರ ಕಂಪ್ಯೂಟರು ಅವನ ಕೈಯಲ್ಲಿದೆ. ಶಿಬಿರಕ್ಕೆ ಬಂದವರು ಯಾರು, ಕುಡಿದು ಮನೆಯಲ್ಲಿ ಏನು ಮಾಡಿದರು, ಬಿಡುವಾಗ ಅಳುತ್ತ ಏನು ಹೇಳಿಕೊಂಡರು, ಎಲ್ಲವೂ ಅದರಲ್ಲಿದೆ. ಬಂದವರಲ್ಲಿ ಮೇಷ್ಟ್ರು ಇದ್ದಾರೆ, ಬಸ್ ಡ್ರೈವರು ಇದ್ದಾರೆ, ನಾಳೆ ಹೆಣ್ಣು ನೋಡಲು ಹೋಗಬೇಕಾದ ಹುಡುಗರೂ ಇದ್ದಾರೆ. ಹೊರಗೆ ಗೊತ್ತಾದರೆ ಅವರು ಊರಲ್ಲಿ ತಲೆಯೆತ್ತಿ ನಡೆಯುವಂತಿಲ್ಲ.

ಗುರುಗಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗೊತ್ತಿಲ್ಲದ್ದನ್ನು ಕೇಳಿ ತಿಳಿಯಲು ಅವರಿಗೆ ಎಂದೂ ನಾಚಿಕೆಯಿಲ್ಲ.

“ಲಿನಕ್ಸ್ ಅಂದ್ರೇನಪಾ?”

“ಕಂಪ್ಯೂಟರ್ ನಡೆಸೋ ವ್ಯವಸ್ಥಾರಿ. ಒಬ್ಬ ಮಾಲೀಕಂದಲ್ಲ. ಸಾವಿರಾರು ಮಂದಿ ಕೂಡಿ ಮಾಡಿ ಪುಕ್ಕಟೆ ಹಂಚ್ಯಾರ. ಆದರ ಅದರಾಗ ನೂರೆಂಟು ಪಂಗಡ ಅದಾವ್ರಿ. ನಮ್ಮದ ಹೆಚ್ಚು, ನಮ್ಮದ ಹೆಚ್ಚು ಅಂತ ಜಗಳಾಡತಾರ.”

“ನಮ್ಮ ಮಠಗಳಂಗ ಆತು ಬಿಡು,” ಎಂದರು ಗುರುಗಳು. “ಮತ್ತ ಆಟ ಯಾಕ? ಮಠ ಸೇರಿದಾಂವಗ ಇನ್ನೂ ಆಟದ ಚಟ ಹೋಗಿಲ್ಲೇನು?”

ನಿರುಪಾದಿ ತನ್ನ ಪಾಡನ್ನೆಲ್ಲ ಹೇಳಿಕೊಂಡ. ಅವನ ತಮ್ಮ ದೂರದ ಬಂದರಿನಲ್ಲಿ ಹಡಗಿಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದಾನೆ. ಅಣ್ಣ ಮನೆ ಬಿಟ್ಟು ಮಠ ಸೇರಿದ್ದು ಅವನಿಗೆ ಸಿಟ್ಟು. ಫೋನು ಮಾಡಿದರೆ ಎತ್ತುವುದಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಆಟಕ್ಕೆ ಮಾತ್ರ ಬರುತ್ತಾನೆ. ಚಿಕ್ಕಂದಿನಲ್ಲಿ ಇಬ್ಬರೂ ಕೂಡಿ ಆಡುತ್ತಿದ್ದ ಆಟ ಅದು. ಆಡುತ್ತ ಆಡುತ್ತ ನಾಲ್ಕು ಮಾತು ಆಡುತ್ತಾನೆ. ಉಂಡೆಯಾ ಎನ್ನುತ್ತಾನೆ. ಒಮ್ಮೊಮ್ಮೆ ನಗುತ್ತಾನೆ. ಅದು ತಪ್ಪಿದರೆ ಅಣ್ಣತಮ್ಮಂದಿರ ನಡುವೆ ಇನ್ನೇನೂ ಉಳಿಯುವುದಿಲ್ಲ.

ತೊಡಕು ಇರುವುದೂ ಇಲ್ಲಿಯೇ. ಬಿಗಿಯಾದ ಲಿನಕ್ಸ್ ಹಾಕಿದರೆ ಆಟ ನಡೆಯುವುದಿಲ್ಲ. ಆಟ ನಡೆಯುವಂಥದ್ದನ್ನು ಹಾಕಿದರೆ ಅದು ಬಿಗಿಯಾಗಿರುವುದಿಲ್ಲ. ಸಾಲದ್ದಕ್ಕೆ ಆಟದ ಕಂಪನಿಯವರು ತಮ್ಮದೊಂದು ಕಾವಲನ್ನು ಕಂಪ್ಯೂಟರಿನ ಒಳಗೆ ಕೂರಿಸುತ್ತೇವೆ ಎನ್ನುತ್ತಾರೆ. ಆಟಗಾರರು ಮೋಸ ಮಾಡದಿರಲಿ ಎಂದು ಆ ಕಾವಲು. ಅದು ಮೂಲೆ ಮೂಲೆಯನ್ನೂ ನೋಡುತ್ತದೆ. ನಿರುಪಾದಿ ಒಂದು ವ್ಯವಸ್ಥೆ ಹಾಕುವುದು, ಅದನ್ನು ಅಳಿಸಿ ಇನ್ನೊಂದು ಹಾಕುವುದು, ಹೀಗೆ ಮಾಡುತ್ತಲೇ ಇದ್ದ. ಈಚೆಗೆ ಕೆಲವು ಭಾನುವಾರ ತಮ್ಮ ಆಟಕ್ಕೆ ಬಂದು, ಅಣ್ಣನನ್ನು ಕಾಣದೆ ಹೋಗಿದ್ದ.

“ಮೋಸ ಹಿಡಿಯೋದು ತಪ್ಪೇನು?” ಎಂದು ಗುರುಗಳು ಕೇಳಿದರು.

“ತಪ್ಪಲ್ರಿ. ಆದರ ಅವರು ನೋಡಬಾರದ್ದೂ ಅಲ್ಲೇ ಐತಲ್ರಿ.”

ಗುರುಗಳು ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಕೈ ಒರೆಸಿಕೊಂಡು ಈ ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಚೆನ್ನಾಗಿತ್ತು. ನಾಲಿಗೆಯೂ ಹಿಡಿತದಲ್ಲಿತ್ತು. ಒಂದು ಮನೆಯ ಕಾಯಿಲೆಯನ್ನು ಇನ್ನೊಂದು ಮನೆಯಲ್ಲಿ ಆಡಿದವನಲ್ಲ. ಅವನಿಗಿದ್ದ ಚಟ ಒಂದೇ, ಚೌಕಾಬಾರ. ಸಂಜೆಗೆ ಊರ ನಡುವಿನ ಕಟ್ಟೆಗೆ ಹೋಗಿ ಕವಡೆ ಹಿಡಿಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಅದನ್ನು ತಪ್ಪೆನ್ನಲಾಗದು. ದಿನವಿಡೀ ನರಳುವವರ ಜೊತೆ ಇರುವವನಿಗೆ ಒಂದಿಷ್ಟು ಹೊತ್ತು ನಗುವವರ ಜೊತೆಯೂ ಬೇಕಾಗುತ್ತದೆ.

ಆ ಕಟ್ಟೆಗೆ ಒಂದು ಕಟ್ಟಳೆ ಇತ್ತು. ಆಟಕ್ಕೆ ಕೂರುವ ಮೊದಲು ಪ್ರತಿಯೊಬ್ಬನೂ ತನ್ನ ಎಲೆಯಡಿಕೆಯ ಸಂಚಿಯನ್ನು ಕಂಬಳಿಯ ಮೇಲೆ ಸುರಿಯಬೇಕು. ಹಿಂದೆ ಒಬ್ಬ ಪರವೂರಿನವನು ಒಳಗೆ ಅರಗು ತುಂಬಿ ತೂಕ ಬದಲಿಸಿದ ಕವಡೆಗಳನ್ನು ಸಂಚಿಯಲ್ಲಿಟ್ಟುಕೊಂಡು ಬಂದಿದ್ದ. ಎಲೆ ತೆಗೆಯುವ ನೆಪದಲ್ಲಿ ಕವಡೆ ಬದಲಾಯಿಸಿ, ಬೇಕಾದ ಗರ ಬೀಳಿಸಿಕೊಂಡು, ಎಲ್ಲರನ್ನೂ ಸೋಲಿಸಿ ಹೋದ. ಅವನು ಹೋದ ಮೇಲೆ ಕಟ್ಟಳೆ ಬಂತು. ಕಟ್ಟೆಯ ಹಿರಿಯ ಮೊದಲು ತನ್ನ ಸಂಚಿಯನ್ನೇ ಸುರಿಯುತ್ತಿದ್ದ. ಆಮೇಲೆ ಉಳಿದವರು ಸುರಿಯುತ್ತಿದ್ದರು. ಅಡಿಕೆ ಬೀಳುತ್ತಿತ್ತು, ಸುಣ್ಣದ ಡಬ್ಬಿ ಬೀಳುತ್ತಿತ್ತು, ಅಡಕೊತ್ತು ಬೀಳುತ್ತಿತ್ತು. ಹಿರಿಯ ಒಮ್ಮೆ ಕಣ್ಣಾಡಿಸಿ, ತುಂಬಿಕೊಳ್ಳಿರಿ ಎನ್ನುತ್ತಿದ್ದ. ಇದರಿಂದ ಯಾರಿಗೂ ಬೇಸರವಿರಲಿಲ್ಲ.

ವೈದ್ಯನೂ ಹಾಗೆಯೇ ಸುರಿಯುತ್ತಿದ್ದ. ಅವನ ಸಂಚಿಯಲ್ಲಿ ಎಲೆಯಡಿಕೆಯ ಜೊತೆ ಕೆಮ್ಮಿನ ಪುಡಿ, ಹೊಟ್ಟೆನೋವಿನ ಗುಳಿಗೆ ಇರುತ್ತಿದ್ದವು. ಕೆಮ್ಮಿನ ಪುಡಿ ಕಂಡರೆ ಯಾರ ಮಾನ ಹೋಗುತ್ತದೆ?

ಆ ಊರಲ್ಲೊಬ್ಬ ನೇಕಾರನಿದ್ದ. ಅವನ ಹೆಂಡತಿ ಎರಡು ಸಲ ಬಸುರಿಯಾಗಿದ್ದಳು. ಎರಡು ಸಲವೂ ಓಣಿಯ ಹೆಂಗಸರು ಬಯಕೆಯ ಬುತ್ತಿ ಕಟ್ಟಿಕೊಂಡು ಬಂದರು. ಎರಡು ಸಲವೂ ಬಸಿರು ನಿಲ್ಲಲಿಲ್ಲ. ಬುತ್ತಿ ತಂದವರೇ ಸಮಾಧಾನ ಹೇಳಲು ಬಂದರು. ಅವರು ಕೆಟ್ಟವರಲ್ಲ. ಅವಳ ಕೈ ಹಿಡಿದು ಅತ್ತರು. ಒಬ್ಬೊಬ್ಬರೂ ಒಂದೊಂದು ಹರಕೆ ಹೇಳಿದರು. ಅವಳು ಅವರಿಗೆಲ್ಲ ಚಾಪೆ ಹಾಸಿ, ನೀರು ಕೊಟ್ಟು, ಅವರು ಅತ್ತಾಗ ತಾನೂ ಅತ್ತು, ಬಾಗಿಲತನಕ ಕಳಿಸಿ ಬರಬೇಕಾಯಿತು. ಕೂಸು ಕಳೆದುಕೊಂಡವಳಿಗೆ ಒಬ್ಬಳೇ ಮಲಗಲು ಒಂದು ಮಧ್ಯಾಹ್ನವೂ ಸಿಗಲಿಲ್ಲ.

ಮೂರನೆಯ ಸಲ ಬಸುರಿಯಾದಾಗ ಅವಳು ಗಂಡನಿಗೆ ಹೇಳಿದಳು. ಆಮೇಲೆ ವೈದ್ಯನಿಗೆ ಹೇಳಿದಳು.

“ಅಣ್ಣಾ, ಐದು ತಿಂಗಳು ತುಂಬೂತನಾ ಇದು ಯಾರಿಗೂ ಗೊತ್ತಾಗಬಾರದು. ಉಳಿದರ ಎಲ್ಲಾರನ್ನೂ ನಾನ ಕರಿತೀನಿ. ಉಳೀಲಿಲ್ಲ ಅಂದ್ರ ಮತ್ತ ಅಷ್ಟು ಮಂದಿ ಸಮಾಧಾನ ಕೇಳೂ ಶಕ್ತಿ ನನಗಿಲ್ಲ.”

“ಆತವಾ ತಂಗಿ,” ಎಂದ ವೈದ್ಯ.

ಬಸಿರು ನಿಲ್ಲಲು ಅವನು ಕೊಡುತ್ತಿದ್ದುದು ಒಂದು ಬೇರು. ಅದು ಹಸಿಯಾಗಿರಬೇಕು. ದಿನವೂ ನಾಡಿ ನೋಡಿ, ಅಂದಿಗೆ ಎಷ್ಟು ಬೇಕೋ ಅಷ್ಟೇ ತುಂಡು ಮಾಡಿ ಕೊಡಬೇಕು. ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಹೋಗಿ ಕೊಟ್ಟು ಬರುವುದೆಂದು ಮಾತಾಯಿತು. ನೇಕಾರರ ಓಣಿ ಕಟ್ಟೆಯ ಮಗ್ಗುಲಲ್ಲೇ ಇತ್ತು. ಆಟ ಮುಗಿಸಿ ಹಾಗೆಯೇ ಹೋಗಬಹುದಿತ್ತು. ಅಂದರೆ ಬೇರು ಸಂಚಿಯಲ್ಲಿರಬೇಕು. ಸಂಚಿ ಕಂಬಳಿಯ ಮೇಲೆ ಸುರಿಯಬೇಕು. ಆ ಬೇರಿನ ವಾಸನೆ ಒಮ್ಮೆ ಮನೆಯಲ್ಲಿ ಅರೆದವರಿಗೆ ಮರೆಯುವಂಥದ್ದಲ್ಲ, ಮತ್ತು ಕಟ್ಟೆಯ ಮೇಲೆ ಕೂರುವವರೆಲ್ಲ ಮಕ್ಕಳೊಂದಿಗರು.

ವೈದ್ಯ ಮನೆಯಲ್ಲಿ ಯೋಚಿಸುತ್ತ ಕೂತ. ಯಾರ ವಿಷಯವೆಂದು ಅವನು ಹೇಳಲಿಲ್ಲ, ಅವನ ಹೆಂಡತಿ ಕೇಳಲೂ ಇಲ್ಲ. ವೈದ್ಯನ ಹೆಂಡತಿಗೆ ಅಷ್ಟು ಅಭ್ಯಾಸವಾಗಿತ್ತು. ಅವಳು ಇಷ್ಟೇ ಹೇಳಿದಳು.

“ಆಟಕ್ಕ ಹೋಗೂಮುಂದ ಸಂಚಿ ಗೂಟಕ್ಕ ಹಾಕಿ ಹೋಗ್ರಿ. ಆಟ ಮುಗಿಸಿ ಬಂದು ತಗೊಂಡು ಹೋಗ್ರಿ.”

ಮಾತು ನೇರವಾಗಿತ್ತು. ಆದರೆ ವೈದ್ಯನ ಮನೆ ಊರ ಇನ್ನೊಂದು ತುದಿಯಲ್ಲಿತ್ತು. ದೀಪ ಹಚ್ಚುವುದರೊಳಗೆ ಮನೆಗೆ ಬಂದು ಮತ್ತೆ ಓಣಿಗೆ ಹೋಗಬೇಕೆಂದರೆ ಒಂದು ಆಟ ಮೊದಲೇ ಏಳಬೇಕು. ಸಂಚಿ ಇಲ್ಲದೆ ಕಟ್ಟೆಗೆ ಹೋದರೆ ಇನ್ನೊಬ್ಬರ ಹತ್ತಿರ ಎಲೆ ಬೇಡಬೇಕು. ಇವೆಲ್ಲ ಅವನು ಬಾಯಲ್ಲಿ ಹೇಳಿದ ಕಾರಣಗಳು. ನಿಜವಾದ ಕಾರಣ ಬೇರೆ ಇತ್ತು. ಅವನ ತಲೆಯಲ್ಲಿ ಒಂದು ಕುತೂಹಲ ಹೊಕ್ಕಿತ್ತು. ಕಟ್ಟೆಯ ಮೇಲೆ ಸುರಿದರೂ ಸುರಿಯದಂಥ, ಬಿಚ್ಚಿದರೂ ಬಿಚ್ಚದಂಥ ಸಂಚಿ ಜಗತ್ತಿನಲ್ಲಿ ಎಲ್ಲೋ ಇದ್ದೇ ಇರಬೇಕು. ಅಂಥದ್ದೊಂದು ಸಿಕ್ಕರೆ ಎರಡೂ ಆಯಿತಲ್ಲ. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರಿಗೆ ಆ ಅಲೆದಾಟದಲ್ಲೇ ಒಂದು ರುಚಿ ಇರುತ್ತದೆ.

ಅವನು ದರ್ಜಿಯ ಹತ್ತಿರ ಹೋದ. ಒಳಗೊಂದು ಕಳ್ಳಜೇಬು ಇರುವ ಸಂಚಿ ಬೇಕೆಂದ. ದರ್ಜಿ ತಳದಲ್ಲಿ ಎರಡು ಪದರ ಇಟ್ಟು ಹೊಲಿದುಕೊಟ್ಟ. ಅಂದು ಕಟ್ಟೆಯಲ್ಲಿ ವೈದ್ಯ ಸಂಚಿ ಸುರಿದ. ಅಡಿಕೆ ಬಿತ್ತು, ಸುಣ್ಣದ ಡಬ್ಬಿ ಬಿತ್ತು, ಪುಡಿಯ ಪೊಟ್ಟಣ ಬಿದ್ದವು. ಬೇರು ಬೀಳಲಿಲ್ಲ. ಹಿರಿಯ ತುಂಬಿಕೋ ಎಂದ. ವೈದ್ಯ ಕುಂಬಳಕಾಯಿ ಕಳ್ಳನ ಹಾಗೆ ಸಂಚಿಯ ತಳವನ್ನು ಒಮ್ಮೆ ಒತ್ತಿ ನೋಡಿಕೊಂಡ. ಹಿರಿಯ ಅದನ್ನು ಕಂಡ. ಆ ಸಂಜೆಯೆಲ್ಲ ಅವನ ಕಣ್ಣು ಕವಡೆಯ ಮೇಲಿರಲಿಲ್ಲ. ವೈದ್ಯನ ಕಣ್ಣೂ ಇರಲಿಲ್ಲ. ಹಣ್ಣಾಗಲು ಒಂದೇ ಮನೆ ಉಳಿದಿದ್ದ ಕಾಯಿಯನ್ನು ಅವನು ಕಡಿಸಿಕೊಂಡ.

ಬಟ್ಟೆಯ ಸಂಚಿ ಆಗದೆಂದು ವೈದ್ಯ ತೊಗಲಿನ ಸಂಚಿ ಹುಡುಕಿದ. ಕುದುರೆಯ ಜೀನು ಹೊಲಿಯುವವನೊಬ್ಬ ಗಂಟಿನೊಳಗೆ ಗಂಟು ಹಾಕುವ ಸಂಚಿ ಮಾಡಿಕೊಟ್ಟ. ಬಿಚ್ಚುವ ಬಗೆ ಒಡೆಯನಿಗೆ ಮಾತ್ರ ಗೊತ್ತು. ಗಂಟು ಬಹಳ ಗಟ್ಟಿಯಾಗಿತ್ತು. ವೈದ್ಯ ಅದನ್ನು ಕಟ್ಟೆಗೆ ತಂದು, ಇದನ್ನು ಬಿಚ್ಚಲು ಆಗದು, ಹಾಗೆಯೇ ಕೂರಿಸಿಕೊಳ್ಳಿರಿ ಎಂದ. ಹಿರಿಯ ನಕ್ಕ.

“ವೈದ್ಯರ, ನಿಮ್ಮ ಮ್ಯಾಲೆ ನಮಗ ಸಂಶಯ ಇಲ್ಲ. ಆದರ ನಿಮಗೊಬ್ಬರಿಗೆ ಬಿಟ್ಟರ ನಾಳೆ ಇನ್ನೊಬ್ಬಂಗ ಸುರಿ ಅನ್ನಾಕ ನನಗ ಬಾಯಿ ಎಲ್ಲೈತಿ? ಆಟ ನೋಡ್ರಿ, ಆಡಬ್ಯಾಡ್ರಿ.”

ವೈದ್ಯ ಪಕ್ಕದಲ್ಲಿ ಕೂತು ಬೇರೆಯವರ ಆಟ ನೋಡಿದ. ಸಂಚಿ ಸುರಕ್ಷಿತವಾಗಿತ್ತು. ಆಟವೇ ಇರಲಿಲ್ಲ. ಅವನಿಗೆ ತನ್ನ ಮೇಲೂ ಸಿಟ್ಟು ಬಂತು, ಹಿರಿಯನ ಮೇಲೂ ಬಂತು. ಹಿರಿಯನ ಮಾತಿನಲ್ಲಿ ತಪ್ಪು ಹುಡುಕಲು ಹೋದ, ಸಿಗಲಿಲ್ಲ. ಅದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

ಆಮೇಲೆ ಅವನು ಹುಡುಕುವುದನ್ನು ಬಿಡದಾದ. ಸಂತೆಗೆ ಬಂದ ವ್ಯಾಪಾರಿಗಳನ್ನು ಕೇಳಿದ. ದಾರಿಹೋಕರನ್ನು ನಿಲ್ಲಿಸಿ ಅವರ ಸಂಚಿ ಮುಟ್ಟಿ ನೋಡಿದ. ನಾಡಿ ಹಿಡಿದು ಕೂತಾಗಲೂ ರೋಗಿಯ ಸೊಂಟದ ಸಂಚಿಯ ಹೊಲಿಗೆ ನೋಡುತ್ತಿದ್ದ. ಮೊದಮೊದಲು ಊರಿಗೆ ಇದು ತಮಾಷೆಯಾಗಿತ್ತು. ಬರಬರುತ್ತ ಊರಿಗೂ ಕುತೂಹಲ ಹತ್ತಿತು. ಬಾವಿಯ ಹತ್ತಿರ ಸಂಚಿಯ ಮಾತು, ಗಿರಣಿಯ ಹತ್ತಿರ ಸಂಚಿಯ ಮಾತು. ಬಟ್ಟೆಯ ಸಂಚಿಯೇ ಮೇಲೆಂದು ಕೆಲವರು, ತೊಗಲಿನದೇ ಮೇಲೆಂದು ಕೆಲವರು. ಹಗುರ ಮುಖ್ಯವೆಂದು ಒಬ್ಬ, ಗಂಟು ಮುಖ್ಯವೆಂದು ಇನ್ನೊಬ್ಬ. ಎಂದೂ ಎಲೆ ಹಾಕದವರೂ ಸಂಚಿಯ ವಿಷಯದಲ್ಲಿ ಪಂಡಿತರಾದರು. ಇಬ್ಬರು ಬೀಗರು ಇದೇ ಮಾತಿಗೆ ಊಟ ಬಿಟ್ಟು ಎದ್ದದ್ದೂ ಉಂಟು.

ಕೊನೆಗೆ ಒಬ್ಬ ಅಲೆಮಾರಿ ವ್ಯಾಪಾರಿಯ ಹತ್ತಿರ ವೈದ್ಯನಿಗೆ ಬೇಕಾದ ಸಂಚಿ ಸಿಕ್ಕಿತು. ಹೊರಗಿನಿಂದ ನೋಡಿದರೆ ಎಲ್ಲರ ಸಂಚಿಯ ಹಾಗೆಯೇ ಇತ್ತು. ತಲೆಕೆಳಗೆ ಮಾಡಿ ಕೊಡವಿದರೂ ಎಲೆಯಡಿಕೆ ಮಾತ್ರ ಬೀಳುತ್ತಿತ್ತು. ಒಳಜೇಬು ಹೊಲಿಗೆಯ ನಡುವೆ ಎಲ್ಲೋ ಇತ್ತು. ಸೂಜಿ ಹಾಕಿ ಒಂದೊಂದೇ ಎಳೆ ಸಡಿಲಿಸಿದರೆ ತೆರೆಯುತ್ತಿತ್ತು. ವೈದ್ಯನಿಗೆ ಹಬ್ಬವೇ ಆಯಿತು. ಕಟ್ಟೆಯಲ್ಲಿ ಸುರಿದ. ಹಿರಿಯ ತಳ ಮುಟ್ಟಿ ನೋಡಿ, ಸರಿ, ಕೂರಿರಿ ಎಂದ. ವೈದ್ಯ ಬಹಳ ದಿನದ ಮೇಲೆ ಕವಡೆ ಹಿಡಿದ. ಮೂರು ಕಾಯಿ ಹಣ್ಣು ಮಾಡಿಕೊಂಡ.

ಆಟ ಮುಗಿಸಿ ನೇಕಾರರ ಓಣಿಗೆ ಹೋದ. ಹಿತ್ತಿಲ ಬೇಲಿಯ ಮರೆಯಲ್ಲಿ ಕೂತು ಸೂಜಿ ತೆಗೆದ. ಎಳೆ ಸಡಿಲವಾಗಲಿಲ್ಲ. ಬೆಳಕು ಕಡಿಮೆಯಾಗಿತ್ತು. ನೇಕಾರನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಒಳಗೆ ಹೋದಳು. ಮತ್ತೆ ಬಂದು ನಿಂತಳು. ಪಕ್ಕದ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಅವಳನ್ನೂ ಕಂಡಳು, ಬೇಲಿಯ ಮರೆಯಲ್ಲಿ ಸಂಚಿಯ ಜೊತೆ ಗುದ್ದಾಡುತ್ತಿದ್ದ ವೈದ್ಯನನ್ನೂ ಕಂಡಳು.

ಊರಿಗೆ ಅಷ್ಟೇ ಸಾಕಾಯಿತು. ಸಂಚಿ ಹೇಗಿರಬೇಕೆಂದು ಮಾತಾಡುತ್ತಿದ್ದ ಊರು ಈಗ ಬೇರೆ ಪ್ರಶ್ನೆ ಕೇಳಿತು. ಕೆಮ್ಮಿನ ಪುಡಿ ಹೊರುವ ವೈದ್ಯನಿಗೆ ಇಂಥ ಸಂಚಿ ಯಾಕೆ ಬೇಕು? ಅವನಿಗೆ ಈ ಹುಚ್ಚು ಹತ್ತಿದ್ದು ಯಾವಾಗ? ಅವನು ನೇಕಾರರ ಓಣಿಗೆ ಹೋಗಲು ಶುರು ಮಾಡಿದ್ದು ಯಾವಾಗ? ಗಿರಣಿಯ ಹತ್ತಿರ ಕೂತಿದ್ದ ಒಬ್ಬ ಮುದುಕಿ ಉಳಿದದ್ದನ್ನು ಹೇಳಿದಳು.

“ಕೆಟ್ಟ ಜಡ್ಡಾಗಿದ್ರ ಮಗ್ಗ ನಿಂದರತಿತ್ತು. ಮಗ್ಗ ನಿಂತಿಲ್ಲ. ಅಂದ್ರ ಸುದ್ದಿ ಚಲೋನ ಐತಿ. ಬುತ್ತಿ ಕಟ್ಟರಿ.”

ಮರುದಿನ ಓಣಿಯ ಹೆಂಗಸರು ಹೋಳಿಗೆ ಮಾಡಿದರು, ಚಿತ್ರಾನ್ನ ಕಲಸಿದರು, ಹಸಿರು ಬಳೆ ತಂದರು. ಎಲ್ಲರೂ ಕೂಡಿ ನೇಕಾರನ ಮನೆಗೆ ಬಂದರು. ಅವರ ಸಂತೋಷ ನಿಜವಾದದ್ದು. ಈ ಸಲ ಏನೂ ಆಗೋದಿಲ್ಲ, ನೀ ಹೆದರಬೇಡ ಎಂದು ಅವಳ ಗಲ್ಲ ಸವರಿದರು. ನಮಗ ಯಾಕ ಹೇಳಲಿಲ್ಲ ಎಂದು ಮುದ್ದಿನಿಂದ ಮುನಿಸಿಕೊಂಡರು. ಅವಳು ಚಾಪೆ ಹಾಸಿದಳು. ನೀರು ಕೊಟ್ಟಳು. ಬಳೆ ತೊಡಿಸಿಕೊಂಡಳು. ಅವರು ನಕ್ಕಾಗ ತಾನೂ ನಕ್ಕಳು. ಬಾಗಿಲತನಕ ಕಳಿಸಿ ಬಂದಳು. ಐದು ತಿಂಗಳು ತುಂಬಲು ಇನ್ನೂ ಬಹಳ ದಿನ ಇತ್ತು. ಅಂದಿನಿಂದ ದಿನಕ್ಕೊಬ್ಬರು ಬಾಗಿಲಲ್ಲಿ ನಿಂತು, ಹೆಂಗದೀಯವಾ ಎಂದು ಕೇಳಿ ಹೋಗತೊಡಗಿದರು.

ಸಂಜೆ ವೈದ್ಯ ಬೇರು ಹಿಡಿದು ಬಂದ. ಅವಳ ಕೈಯಲ್ಲಿ ಹಸಿರು ಬಳೆ ಕಂಡ.

“ಅಣ್ಣಾ, ಸಂಚಿ ಯಾರರ ಬಿಚ್ಚಿದರೇನು?” ಎಂದು ಅವಳು ಕೇಳಿದಳು.

“ಇಲ್ಲವಾ ತಂಗಿ. ಒಬ್ಬರ ಕೈಲೂ ಬಿಚ್ಚಾಕ ಆಗಿಲ್ಲ.”

ಅವಳು ಬೇರು ತೆಗೆದುಕೊಂಡಳು. ಬಳೆಯನ್ನು ಮೇಲಕ್ಕೆ ಸರಿಸಿ ನಾಡಿಗೆ ಕೈ ಚಾಚಿದಳು.

“ನಾ ಸಂಚಿಗೆ ಹೇಳಿರಲಿಲ್ಲ ಅಣ್ಣಾ. ನಿಮಗ ಹೇಳಿದ್ದೆ.”

ವೈದ್ಯ ಅಂದು ಮನೆಗೆ ಹೋಗಿ ಸಂಚಿಯನ್ನು ಗೂಟಕ್ಕೆ ತೂಗುಹಾಕಿದ. ಹೆಂಡತಿ ನೋಡಿದಳು. ಆಮೇಲೆ ಅವನು ಕಟ್ಟೆಗೆ ಬರಿಗೈಯಲ್ಲಿ ಹೋಗುತ್ತಿದ್ದ. ಹಿರಿಯ ಕಂಬಳಿ ಹಾಸಿದರೆ ಅವನಿಗೆ ಸುರಿಯಲು ಏನೂ ಇರುತ್ತಿರಲಿಲ್ಲ. ಪಕ್ಕದವನು ಒಂದು ಎಲೆ ಕೊಡುತ್ತಿದ್ದ. ಒಂದು ಆಟ ಮೊದಲೇ ಎದ್ದು ಹೋಗುತ್ತಿದ್ದ. ಅವನು ಎದ್ದದ್ದನ್ನು ಯಾರೂ ಕೇಳುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ನಿರುಪಾದಿಯ ಮುಖ ಅರಳಿತ್ತು. ಅವನಿಗೆ ದಾರಿ ಕಂಡಿತ್ತು.

“ತಿಳೀತ್ರಿ ಅಜ್ಜಾರ. ಎರಡು ಕಂಪ್ಯೂಟರ್ ಇಡಬೇಕು. ಮಂದಿ ಮಾತು ಇರೋದು ಬಿಗಿ ಇರಲಿ, ಅದಕ್ಕ ಹೊರಗಿನ ಇಂಟರ್ನೆಟ್ ತಂತಿನ ಬ್ಯಾಡ. ಉಗ್ರಾಣದಾಗಿನ ಹಳೇದಕ್ಕ ಯಾವುದರ ಒಂದು ಸಾದಾ ಲಿನಕ್ಸ್ ಹಾಕತೀನಿ. ಅದರಾಗ ಆಟ ಬಿಟ್ಟು ಏನೂ ಇರಂಗಿಲ್ಲ. ಕಾವಲುಗಾರ ಬಂದು ಕುಂತರ ಕುಂದರಲಿ, ಬರಿಗೈ ನೋಡಿ ಹೋಗಲಿ. ಈ ಐತವಾರ ತಮ್ಮನ ಜೋಡಿ ಆಡತೀನ್ರಿ.”

“ಆಡು. ಅಂವಂಗ ನನ್ನ ಆಶೀರ್ವಾದ ಹೇಳು,” ಎಂದರು ಗುರುಗಳು. “ಆದರ ಈ ಮಾತು ವೈದ್ಯನ ಹೆಂಡತಿ ಮೊದಲ 'ಸಂಚಿ ಗೂಟಕ್ಕ ಹಾಕ್ರಿ' ಅಂದಾಗ ಮುಗದಿತ್ತು. ಕತಿ ಅಲ್ಲಿಗೇ ನಿಂತಿಲ್ಲ. ಯಾವ ಲಿನಕ್ಸ್ ಅಂತ ನನಗಿಂತ ಮೊದಲು ಯಾರಿಗೆ ಕೇಳಿದಿ?”

“ಕಂಪ್ಯೂಟರ್ ಅಂಗಡಿಯಾಂವಗ ಕೇಳಿದ್ದೆ. ಕಾಲೇಜಿನ ಸರ್ ಒಬ್ಬರಿಗೆ ಕೇಳಿದ್ದೆ. ಆಮ್ಯಾಲೆ ಲಿನಕ್ಸ್ ಮಂದಿ ಕೂಡೋ ಜಾಲತಾಣದಾಗ ಬರದಿದ್ದೆ. ಭಾಳ ಮಂದಿ ಉತ್ತರ ಕೊಟ್ಟಾರ್ರಿ.”

“ಏನಂತ ಬರದಿ?”

“ನಮ್ಮ ಮಠದಾಗ ಕುಡಿತ ಬಿಡಿಸೋ ಶಿಬಿರ ಐತಿ, ಅಲ್ಲಿಗೆ ಬಂದವರ ಹೆಸರು, ಅವರು ಹೇಳಿದ್ದು ಎಲ್ಲಾ ನನ್ನ ಕಂಪ್ಯೂಟರಿನಾಗ…”

ನಿರುಪಾದಿ ಅಲ್ಲಿಗೆ ನಿಂತ. ಗುರುಗಳು ಅವನನ್ನು ಬಯ್ಯಲಿಲ್ಲ. ಬರೆದದ್ದನ್ನು ಅಳಿಸಲು ಬರುತ್ತದೆಯೇ ಎಂದು ಕೇಳಿದರು. ಅಳಿಸಬಹುದು, ಆದರೆ ಓದಿದವರು ಓದಿ ಆಗಿದೆ ಎಂದು ಅವನು ಹೇಳಿದ. ಅಳಿಸು ಎಂದರು. ಶಿಬಿರಕ್ಕೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕಂಡು, ಇಂಥ ತಪ್ಪಾಗಿದೆ ಎಂದು ತಾವೇ ಹೇಳಿ ಬರುವುದಾಗಿಯೂ, ಜೊತೆಗೆ ಅವನು ಬರಬೇಕೆಂದೂ ಹೇಳಿದರು. ಅವನು ಆಗಲೆಂದ.

ಇಬ್ಬರೂ ಬಹಳ ಹೊತ್ತು ಹುಣಸೆಬೀಜ ತೆಗೆಯುತ್ತ ಕೂತರು. ನಿರುಪಾದಿಯ ಮನಸ್ಸು ಕತೆಯನ್ನು ಬಿಟ್ಟಿರಲಿಲ್ಲ. ಕೇಳಲೋ ಬೇಡವೋ ಎಂದು ಎರಡು ಸಲ ತಲೆಯೆತ್ತಿದ. ಮೂರನೆಯ ಸಲ ಕೇಳಿಯೇಬಿಟ್ಟ.

“ಅಜ್ಜಾರ, ಆ ಹೆಣ್ಣುಮಗಳ ಬಸಿರು ನಿಂತಿತೇನ್ರಿ?”

ಗುರುಗಳು ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟರು.

“ಅದನ್ನ ಕೇಳಾಕ ಆಕಿ ಬಾಗಲಾಗ ಊರಿಗೆ ಊರ ನಿಂತೈತಿ ನಿರುಪಾದಿ, ನೀನೂ ಹೋಗಿ ಹಿಂದ ನಿಂದ್ರು.”